ಹೇಮಗುಡ್ಡದ ಅಂಬಾರಿ, ಪಂಚಾಯ್ತಿಯ ಲೆಕ್ಕ

ನವರಾತ್ರಿ ಬಂತೆಂದರೆ ಹೇಮಗುಡ್ಡಕ್ಕೆ ಆನೆ ಬರುತ್ತದೆ. ಗಂಗಾವತಿ ತಾಲ್ಲೂಕಿನ ಈ ಸಣ್ಣ ಊರಿನ ಕೋಟೆಯಲ್ಲಿ ನೆಲೆಸಿರುವ ದುರ್ಗಾಪರಮೇಶ್ವರಿಯ ಜಂಬೂಸವಾರಿ ನೋಡಲು ಸುತ್ತಲಿನ ಹಳ್ಳಿಗಳ ಜನ ಟ್ರ್ಯಾಕ್ಟರು, ಟಂಟಂ ಹತ್ತಿ ಬರುತ್ತಾರೆ. ಮೈಸೂರು ದಸರೆಯ ಪುಟ್ಟ ನಕಲು ಇದು ಎಂದುಕೊಳ್ಳುವವರಿದ್ದಾರೆ. ನಿಜ ಹೇಳಬೇಕೆಂದರೆ ವಿಷಯ ತಿರುವುಮುರುವಾಗಿದೆ. ತುಂಗಭದ್ರೆಯ ಆಚೆ ದಡದ ಹಂಪಿಯಲ್ಲಿ ನಡೆಯುತ್ತಿದ್ದ ಮಹಾನವಮಿಯನ್ನೇ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದ್ದು. ಹಬ್ಬ ಈ ಸೀಮೆಯಿಂದ ಆ ಸೀಮೆಗೆ ಹೋಯಿತು.

ಕೋಟೆಯ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಮುಮ್ಮಡಿ ಸಿಂಗ, ಅವನ ಮಗ ಕಂಪಿಲರಾಯ, ಮೊಮ್ಮಗ ಗಂಡುಗಲಿ ಕುಮಾರರಾಮ. ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ತಿರುಗಿಬಿದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಆಶ್ರಯ ಕೊಟ್ಟ ತಪ್ಪಿಗೆ ಕಂಪಿಲಿ ರಾಜ್ಯ 1327ರ ಸುಮಾರಿಗೆ ಮುಳುಗಿತು. ಒಂದು ದಶಕ ಕಳೆಯುವುದರೊಳಗೆ ಅದೇ ನೆಲದಲ್ಲಿ ವಿಜಯನಗರ ಎದ್ದಿತು. ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ಆದರೆ ಯುದ್ಧವಿಲ್ಲದ ದಿನಗಳಲ್ಲಿ ಇಂಥ ಊರನ್ನು ಯಾರು ನೋಡಿಕೊಳ್ಳುತ್ತಿದ್ದರು, ಕಂದಾಯ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿತ್ತು ಎಂದು ಕೇಳಿದರೆ ಲಾವಣಿಯೂ ಸುಮ್ಮನಾಗುತ್ತದೆ, ಫಲಕವೂ ಸುಮ್ಮನಾಗುತ್ತದೆ.

ಅದಕ್ಕೊಂದು ಉತ್ತರ ಸಿಕ್ಕುವುದು ಪೋರ್ಚುಗಲ್‌ನವನೊಬ್ಬನ ಬರಹದಲ್ಲಿ. ಫೆರ್ನಾವೊ ನ್ಯೂನಿಜ್ ಕುದುರೆ ವ್ಯಾಪಾರಿ. 1535ರ ಆಸುಪಾಸು, ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದವನು. ಅವನಿಗಿಂತ ಹದಿನೈದು ವರ್ಷ ಮೊದಲು ಬಂದಿದ್ದ ಡೊಮಿಂಗೊ ಪಾಯಸ್ ಮಹಾನವಮಿಯ ಆನೆ, ಕುದುರೆ, ಕುಸ್ತಿ, ಕುಣಿತ ಕಂಡು ಬೆರಗಾಗಿ ಬರೆದ. ನ್ಯೂನಿಜ್ ವ್ಯಾಪಾರಿಯಾದ್ದರಿಂದ ಅವನ ಕಣ್ಣು ಹಣದ ಮೇಲೆ. ರಾಜ್ಯದ ನೆಲವೆಲ್ಲ ಅರಸನದು, ಅದನ್ನು ಇನ್ನೂರಕ್ಕೂ ಹೆಚ್ಚು ನಾಯಕರು ಹಂಚಿಕೊಂಡು ಆಳುತ್ತಾರೆ ಎನ್ನುತ್ತಾನೆ. ಅವರ ಸೀಮೆಗಳ ಹುಟ್ಟುವಳಿ ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ, ಅದರಲ್ಲಿ ಅರವತ್ತು ಲಕ್ಷ ಅರಸನಿಗೆ, ಉಳಿದರ್ಧ ದಂಡು ಸಾಕಲು. ಅರಸನ ಪಾಲನ್ನು ಒಪ್ಪಿಸುತ್ತಿದ್ದುದು ಸೆಪ್ಟೆಂಬರಿನಲ್ಲಿ, ಒಂಬತ್ತು ದಿನದ ಆ ಹಬ್ಬದ ಹೊತ್ತಿಗೆ. ಅಂದರೆ ಮಹಾನವಮಿ ದೇವಿಯ ಪೂಜೆಯಷ್ಟೇ ಅಲ್ಲ, ರಾಜ್ಯದ ಲೆಕ್ಕ ಚುಕ್ತಾ ಆಗುವ ದಿನ. ನಾಯಕರು ಆನೆ ಕುದುರೆ ಸಮೇತ ರಾಜಧಾನಿಗೆ ಬಂದು ತೋರಿಸಬೇಕಿತ್ತು, ಕೊಡಬೇಕಿತ್ತು. ಒಕ್ಕಲಿಗ ತನ್ನ ಬೆಳೆಯ ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೇ ಕೊಡುತ್ತಾನೆ ಎಂದೂ ನ್ಯೂನಿಜ್ ಬರೆದಿದ್ದಾನೆ. ಉತ್ಪ್ರೇಕ್ಷೆ ಇದ್ದೀತು, ಅವನೇನು ಹೊಲದ ಬದುವಿನ ಮೇಲೆ ಕೂತು ಎಣಿಸಿದವನಲ್ಲ. ಆದರೂ ಹಬ್ಬದ ವೈಭವಕ್ಕೆ ದುಡ್ಡು ಎಲ್ಲಿಂದ ಬಂತೆಂದು ಕೇಳಿದವನು ಅವನೊಬ್ಬ. ಡೇವಿಡ್ ಲೋಪಿಸ್ ಈ ಬರಹಗಳನ್ನು 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿದ. 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದ. ನಮ್ಮ ಊರುಗಳ ಆಯವ್ಯಯ ನಮಗೆ ಗೊತ್ತಾದದ್ದು ಹೀಗೆ, ಸಮುದ್ರ ಸುತ್ತಿ ಬಂದು.

1565ರಲ್ಲಿ ವಿಜಯನಗರ ಬಿದ್ದ ನಂತರ ಬಿಜಾಪುರ, ಮರಾಠರು, ಹೈದರ್, ಟಿಪ್ಪು. 1799ರ ಬಳಿಕ ಈ ಭಾಗ ನಿಜಾಮನ ಕೈಯಲ್ಲಿ ಗಟ್ಟಿಯಾಯಿತು. ಪಕ್ಕದ ಕೊಪ್ಪಳ, ಯಲಬುರ್ಗಾ ನಿಜಾಮನ ದಿವಾನರಾದ ಸಾಲಾರ್ ಜಂಗರ ಜಹಗೀರು. ಒಡೆಯರು ಬದಲಾದಂತೆಲ್ಲ ರಾಜಧಾನಿ ದೂರ ಸರಿಯಿತು. ಊರಿನೊಳಗಿನ ಏರ್ಪಾಡು ಮಾತ್ರ ಅಷ್ಟಾಗಿ ಅಲುಗಲಿಲ್ಲ. ಕಂದಾಯಕ್ಕೆ ಮಾಲಿಪಾಟೀಲ, ಕಳವು–ಜಗಳ–ಹುಟ್ಟು–ಸಾವಿಗೆ ಪೊಲೀಸ್ ಪಾಟೀಲ, ದಫ್ತರಕ್ಕೆ ಕುಲಕರ್ಣಿ, ಕಾವಲಿಗೂ ಕರೆಯಲಿಕ್ಕೂ ತಳವಾರ, ವಾಲೀಕಾರ. ಸಂಬಳ ಕಡಿಮೆ, ಇನಾಮು ಜಮೀನು, ಮೇಲೊಂದಿಷ್ಟು ಗತ್ತು. ಈ ಗತ್ತಿನಿಂದ ಹೊರಗುಳಿದವರ ಪಾಲಿಗೆ ಅದು ಸುಖದ ಆಡಳಿತವೇನೂ ಆಗಿರಲಿಲ್ಲ. ಹಳೆಯದೆಂದು ಹೊಗಳಲು ನಾನು ಸಿದ್ಧನಿಲ್ಲ. 1961ರ ಗ್ರಾಮ ಅಧಿಕಾರಗಳ ರದ್ದಿಯಾತಿ ಕಾಯ್ದೆ ಈ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಆದರೂ ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗ ಗೌಡರ ಮನೆಯ ಎತ್ತಿಗೆ ಮೊದಲ ಮರ್ಯಾದೆ ಕೊಡುವ ಊರುಗಳು ಈಗಲೂ ಇವೆ.

ಉಳಿಯದೆ ಹೋಗುತ್ತಿರುವುದು ಕಾಗದ. ಹೈದರಾಬಾದ್ ಸರ್ಕಾರದ ಕಾಲದ ದಾಖಲೆಗಳು ಉರ್ದುವಿನಲ್ಲಿ, ಹಳೆಯ ಕುಲಕರ್ಣಿ ಮನೆತನಗಳ ದಫ್ತರಗಳು ಎಷ್ಟೋ ಕಡೆ ಮೋಡಿ ಲಿಪಿಯಲ್ಲಿ. 1954–55ರ ಖಾಸ್ರಾ ಪಹಣಿ ಇವತ್ತಿಗೂ ಜಮೀನಿನ ವ್ಯಾಜ್ಯಗಳಲ್ಲಿ ಕೋರ್ಟಿನ ಮುಂದೆ ಬರುತ್ತದೆ. ಕೆಂಪು ಬಟ್ಟೆಯ ಗಂಟು, ಅಂಚು ಪುಡಿಯಾದ ಹಾಳೆ, ಓದಬಲ್ಲವರು ಬೆರಳೆಣಿಕೆ. ಕೋಟೆಗೆ ಸುಣ್ಣ ಬಳಿಸಲು ದಾನಿಗಳು ಸಿಕ್ಕಾರು, ಈ ಗಂಟು ಬಿಚ್ಚಿಸಲು ಸಿಕ್ಕುವುದು ಕಷ್ಟ.

1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯ ಸೇರಿತು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಮನೆಗೆ ಪಟ್ಟಿ ಹಾಕುವುದು, ಬೀದಿದೀಪ, ನಲ್ಲಿ ನೀರು, ಚರಂಡಿ ಈಗ ಗ್ರಾಮ ಪಂಚಾಯ್ತಿಯ ಪಾಲು. 1993ರ ಕಾಯ್ದೆಯಂತೆ ಸುಮಾರು 400 ಜನಕ್ಕೊಬ್ಬ ಸದಸ್ಯ. ನ್ಯೂನಿಜನ ನಾಡಿನಲ್ಲಿ ಊರಿನ ಆಡಳಿತ ಬೇರೆ ಥರ. ಪೋರ್ಚುಗಲ್‌ನಲ್ಲಿ 308 ಪುರಸಭೆಗಳು. ಅಟ್ಲಾಂಟಿಕ್ ನಡುವಿನ ಕೊರ್ವೊ ದ್ವೀಪದಲ್ಲಿ ನಾನೂರು ಜನರೂ ಇಲ್ಲ, ಆದರೂ ಅದಕ್ಕೆ ತನ್ನದೇ ಪುರಸಭೆ, ತನ್ನದೇ ಚುನಾಯಿತ ಅಧ್ಯಕ್ಷ. ನಮ್ಮಲ್ಲಿ ಐದಾರು ಸಾವಿರ ಜನರ ಪಂಚಾಯ್ತಿಯ ಅಧ್ಯಕ್ಷರು ಒಂದು ಚರಂಡಿಯ ಅಂದಾಜುಪಟ್ಟಿಗೂ ತಾಲ್ಲೂಕು ಕಚೇರಿಗಳ ಮೆಟ್ಟಿಲು ಹತ್ತುತ್ತಾರೆ.

ಪಂಚಾಯ್ತಿಗೂ ಒಂದು ಲೆಕ್ಕದ ದಿನವಿದೆ, ಜಮಾಬಂದಿ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನೊಳಗೆ, ಹಿಂದಿನ ವರ್ಷದ ಜಮೆ–ಖರ್ಚನ್ನು ಊರವರ ಮುಂದೆ ಓದಬೇಕು, ಮಾಡಿಸಿದ ಕಾಮಗಾರಿಯನ್ನು ನಿಂತು ತೋರಿಸಬೇಕು. ನಾಯಕರು ಅರಸನಿಗೆ ಲೆಕ್ಕ ಒಪ್ಪಿಸುತ್ತಿದ್ದುದೂ ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ. ಈಗ ಅರಸನ ಜಾಗದಲ್ಲಿ ಕೂರಬೇಕಾದವರು ಊರವರು. ಆದರೆ ಮುಂಗಾರಿನ ಕಳೆ, ಭತ್ತದ ಗದ್ದೆಯ ಕೆಲಸ ಬಿಟ್ಟು ಬರುವವರು ಕಡಿಮೆ. ಬಂದವರೂ ಸಿಮೆಂಟಿನ ಚೀಲ ಎಷ್ಟು ಬಿತ್ತೆಂದು ಕೇಳುವುದು ಅಪರೂಪ.

ಅಂಬಾರಿ ಹೊರಡುವ ದಿನ ಮಾತ್ರ ಕೋಟೆಯ ಬಾಗಿಲಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೈಕು ಹೇಗೂ ಕಟ್ಟಿರುತ್ತಾರೆ, ಜನ ಹೇಗೂ ಸೇರಿರುತ್ತಾರೆ. ಆನೆ ಸಿಂಗಾರವಾಗುವಷ್ಟರಲ್ಲಿ ಪಂಚಾಯ್ತಿಯ ಜಮೆ–ಖರ್ಚನ್ನೂ ಒಮ್ಮೆ ಓದಿಸಿಬಿಟ್ಟರೆ ಹಳೆಯ ಮಹಾನವಮಿ ಪೂರ್ತಿಯಾಗಿ ಮರಳಿ ಬಂದಂತೆ. ಯಾರಾದರೂ ಓದಿಸುತ್ತಾರೆಂಬ ನಂಬಿಕೆ ನನಗೇನೂ ಇಲ್ಲ.