ಟರ್ಕಿ ಕೋಳಿಯ ಎದೆಮಾಂಸ ಒಣಗಿದ್ದು ಎಲ್ಲಿಂದ?

ಮುಂಗಾರು ಹಿಡಿದ ಮೇಲೆ ಜಗಳೂರಿನಿಂದ ಹೊನ್ನಾಳಿ, ನ್ಯಾಮತಿವರೆಗೆ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಮೆಕ್ಕೆಜೋಳ. ಚನ್ನಗಿರಿಯಲ್ಲಿ ಭದ್ರಾ ನಾಲೆ ಹರಿಯುವ ಕಡೆ ಭತ್ತ, ಅಡಿಕೆ ಇವೆ. ಮಳೆ ನಂಬಿದ ಕಡೆ ಅಲ್ಲೂ ಇದೇ ಬೆಳೆ. ಈ ಜೋಳದ ದೊಡ್ಡ ಪಾಲು ಕೋಳಿ ಫಾರಂಗಳ ಮೇವಾಗುತ್ತದೆ. ಸುಮಾರು 9,000 ವರ್ಷಗಳ ಹಿಂದೆ ಮೆಕ್ಕೆಜೋಳವನ್ನು ಪಳಗಿಸಿದ್ದು ಮೆಕ್ಸಿಕೋದ ರೈತರು. ಟರ್ಕಿ ಕೋಳಿಯನ್ನು ಸಾಕಿ ಮನೆಯ ಹಕ್ಕಿಯನ್ನಾಗಿ ಮಾಡಿದ್ದೂ ಅದೇ ನೆಲದ ಜನ. ಬೆಳೆ ನಮ್ಮ ನಾಲ್ಕೂ ತಾಲ್ಲೂಕುಗಳ ಹೊಲ ತುಂಬಿತು, ಹಕ್ಕಿ ಮಾತ್ರ ನಮ್ಮ ಒಲೆಯವರೆಗೆ ಬರಲಿಲ್ಲ.

ಅಮೆರಿಕ, ಇಂಗ್ಲೆಂಡಿನ ಮನೆಗಳಲ್ಲಿ ಹಬ್ಬಕ್ಕೆ ಇಡೀ ಟರ್ಕಿಯನ್ನು ಓವನ್‌ನಲ್ಲಿಟ್ಟು ಸುಡುತ್ತಾರೆ. ಎದೆಮಾಂಸ ಒಣಗಿ ನಾರಾಗುವುದೇ ಅವರ ವರ್ಷ ವರ್ಷದ ಚಿಂತೆ. ಹಕ್ಕಿಯ ತವರಿನಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಮೆಕ್ಸಿಕೋದಲ್ಲಿ ಅದನ್ನು ಒಣಮೆಣಸಿನಕಾಯಿ ಅರೆದ ದಪ್ಪ ಸಾರಿನಲ್ಲಿ ಬೇಯಿಸುತ್ತಾರೆ. ಯುಕಟಾನ್‌ನ ಮಾಯಾ ಜನ ಮಾಂಸವನ್ನು ಎಲೆಯಲ್ಲಿ ಸುತ್ತಿ, ಕಾದ ಕಲ್ಲುಗಳ ಮೇಲೆ ನೆಲದ ಗುಂಡಿಯಲ್ಲಿ ಹೂಳುತ್ತಾರೆ. ಎರಡೂ ಕಡೆ ಮಾಂಸದ ಸುತ್ತ ತೇವವಿದೆ.

16ನೇ ಶತಮಾನದ ಮೊದಲ ದಶಕಗಳಲ್ಲಿ ಸ್ಪೇನಿನವರು ಹಕ್ಕಿಯನ್ನು ಯುರೋಪಿಗೆ ಒಯ್ದರು. ಅಲ್ಲಿ ಅದು ತೇವದ ಆಸರೆಯಿಲ್ಲದೆ ಕಂಬಿಗೆ ಸಿಕ್ಕಿ ಬೆಂಕಿಯ ಮುಂದೆ ತಿರುಗಿತು. ನಮ್ಮ ಕಡೆಗೂ ಬೇಗನೆ ಬಂತು: 1612ರಲ್ಲಿ ತನ್ನ ಅಧಿಕಾರಿ ಮುಕರ್ರಬ್ ಖಾನ್ ಗೋವಾದಿಂದ ತಂದ ಟರ್ಕಿಯನ್ನು ನೋಡಿ ಮೊಘಲ್ ಬಾದಶಹ ಜಹಾಂಗೀರ್ ಬೆರಗಾಗಿ, ಅದರ ತಲೆ, ಕೊರಳು ಬಣ್ಣ ಬದಲಿಸುವುದನ್ನು ಬರೆದಿಟ್ಟ, ಚಿತ್ರಕಾರ ಮನ್ಸೂರ್ ಅದನ್ನು ಚಿತ್ರಿಸಿದ. ಆದರೂ ಅದು ಇಲ್ಲಿ ನೋಡುವ ಹಕ್ಕಿಯಾಗಿ ಉಳಿಯಿತೇ ಹೊರತು ಊಟದ ಹಕ್ಕಿಯಾಗಲಿಲ್ಲ.

ಎದೆಮಾಂಸ ಒಣಗುವುದಕ್ಕೆ ಇನ್ನೊಂದು ದೊಡ್ಡ ಕಾರಣ 20ನೇ ಶತಮಾನದ ತಳಿಗಾರಿಕೆ. ಅಮೆರಿಕದಲ್ಲಿ ಎದೆ ದೊಡ್ಡದಾದ, ಬೇಗ ತೂಕ ಬರುವ ಟರ್ಕಿಗಳನ್ನೇ ಆರಿಸಿ ಬೆಳೆಸಿದರು. ಎದೆ ಎಷ್ಟು ಉಬ್ಬಿತೆಂದರೆ ಗಂಡು ಹೆಣ್ಣು ತಾವಾಗಿ ಕೂಡಲಾರದೆ ಕೃತಕ ಗರ್ಭಧಾರಣೆ ಬೇಕಾಯಿತು. ಎದೆಯಲ್ಲಿ ಕೊಬ್ಬು ಕಡಿಮೆ. 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದರ ಎಳೆಗಳು ಬಿಗಿದು ನೀರು ಹಿಂಡಿ ಬಿಡುತ್ತವೆ. ಕಾಲಿನ ಗಟ್ಟಿ ಮಾಂಸಕ್ಕೆ ಹೆಚ್ಚು ಶಾಖ, ಹೆಚ್ಚು ಹೊತ್ತು ಬೇಕು. ಆಗಲೇ ಅದರ ಸಂಯೋಜಕ ಅಂಗಾಂಶ ಕರಗಿ ಮಾಂಸ ಮೆತ್ತಗಾಗುವುದು. ಒಂದೇ ಒಲೆಯಲ್ಲಿ ಇಡೀ ಹಕ್ಕಿ ಇಟ್ಟರೆ ಕಾಲು ಬೇಯುವ ಹೊತ್ತಿಗೆ ಎದೆ ಕೆಟ್ಟಿರುತ್ತದೆ. ನಡುನಡುವೆ ರಸ ಸುರಿಯುತ್ತಾ ಕೂರುವವರು ಬಹಳ ಜನ, ಆದರೆ ಆ ರಸ ಚರ್ಮದ ಮೇಲೆ ಹರಿದು ಕೆಳಗಿಳಿಯುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಕೆಲಸಕ್ಕೆ ಬರುವುದು ಉಪ್ಪು, ಅದೂ ಮುಂಚೆಯೇ ಹಾಕಿದ್ದು. ಒಂದು ಲೀಟರ್ ನೀರಿಗೆ 50–60 ಗ್ರಾಂ ಉಪ್ಪಿನಂತೆ ಕದಡಿ ರಾತ್ರಿಯಿಡೀ ತಣ್ಣಗೆ ಮುಳುಗಿಸಿಟ್ಟರೆ ಮಾಂಸದ ಎಳೆಗಳು ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ.

ನಮ್ಮ ತಾಲ್ಲೂಕುಗಳ ಅಡುಗೆಯವರು ಬೇರೆಯದೇ ದಾರಿಯಲ್ಲಿ ಹೋಗಿ ಅದೇ ಕೆಲಸ ಮಾಡಿದ್ದಾರೆ. ನಾಟಿ ಕೋಳಿಯ ಪುಕ್ಕ ಕಿತ್ತು, ತೆಂಗಿನ ಗರಿಯ ಉರಿಯಲ್ಲಿ ಸುಟ್ಟು, ಅರಿಶಿಣ ತಿಕ್ಕಿ ತೊಳೆದು ಚರ್ಮದೊಂದಿಗೇ ಕತ್ತರಿಸುತ್ತಾರೆ. ಚರ್ಮದ ಕೊಬ್ಬು ಸಾರಿಗಿಳಿಯುತ್ತದೆ. ತಿರುಗಾಡಿ ಬೆಳೆದ ಕೋಳಿಯ ಮಾಂಸ ಗಟ್ಟಿ, ಅದಕ್ಕೆ ಹದವಾದ ಉರಿಯಲ್ಲಿ ತಾಸುಗಟ್ಟಲೆ ಕುದಿಯುವುದೇ ಔಷಧಿ. ಮುದ್ದೆಗೆ ಬೇಕಾದ ರುಚಿ ಆ ರಸದಲ್ಲಿದೆ. ಆರು ವಾರಕ್ಕೆ ಕೊಯ್ಲಿಗೆ ಬರುವ ಫಾರಂ ಕೋಳಿಗೆ ಅದೇ ಲೆಕ್ಕ ಹಿಡಿದರೆ ಮಾಂಸ ಪುಡಿಯಾಗುತ್ತದೆ. ನಮ್ಮ ಹೊಲದ ಮೆಕ್ಕೆಜೋಳ ತಿಂದು ಬೆಳೆಯುವ ಕೋಳಿಯೇ ಇದು. ಆದರೆ ಅದನ್ನು ಬೇಯಿಸುವ ಹದವನ್ನು ನಾವಿನ್ನೂ ನಾಟಿ ಕೋಳಿಯಿಂದಲೇ ಎರವಲು ತರುತ್ತಿದ್ದೇವೆ. ಇದು ನನಗೆ ಬೇಸರದ ಸಂಗತಿ.

ಟರ್ಕಿ ನಮ್ಮ ಹವೆಗೆ ಒಗ್ಗದ ಹಕ್ಕಿಯೇನಲ್ಲ. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯ ನಾಡಿನ ಕಪ್ಪು ಟರ್ಕಿಯನ್ನೂ ಅಮೆರಿಕದ ಚಿಕ್ಕ ಬಿಳಿ ಬೆಲ್ಟ್ಸ್‌ವಿಲ್ ತಳಿಯನ್ನೂ ಕೂಡಿಸಿ ನಂದನಂ ಟರ್ಕಿ-1 ಎಂಬ ತಳಿ ಮಾಡಿದೆ. ಅಂಥ ಹಕ್ಕಿ ಯಾರ ಮನೆಗಾದರೂ ಬಂದರೆ ಇಡಿಯಾಗಿ ಸುಡುವುದು ಬೇಡ. ತುಂಡು ಮಾಡಿ ಹಿಂದಿನ ರಾತ್ರಿಯೇ ಉಪ್ಪು ಹಚ್ಚಿಡಿ. ಕಾಲು, ತೊಡೆ ಮೊದಲು ಸಾರಿಗೆ ಬಿಡಿ, ಎದೆಯ ತುಂಡುಗಳನ್ನು ಕೊನೆಯಲ್ಲಿ ಸೇರಿಸಿ, ಬೆಂದ ಕೂಡಲೇ ಇಳಿಸಿ. ಸುಡಲೇಬೇಕೆನ್ನುವವರಿಗೆ ಚನ್ನಗಿರಿಯ ಅಡಿಕೆ ತೋಟದ ನಡುವೆ ಬಾಳೆ ಇದ್ದೇ ಇದೆ: ಎಲೆಯನ್ನು ಬಾಡಿಸಿ, ಮಸಾಲೆ ಹಚ್ಚಿದ ಎದೆಮಾಂಸ ಸುತ್ತಿ, ಕೆಂಡದ ಬದಿಗಿಡಿ.