ಹೆಚ್ಚಿದ್ದವರೇ ಹೆಚ್ಚು ದಿನ ಬದುಕಿದರು

ನೆದರ್ಲೆಂಡ್ಸ್‌ನ ಗ್ರೋನಿಂಗನ್ ಆಸ್ಪತ್ರೆಯಲ್ಲಿ 22 ವರ್ಷದ ರೈತನ ಮಗನೊಬ್ಬ ಕಿಡ್ನಿ ಸೋತು ತೀರಿಕೊಂಡಾಗ, ತಾಯಿಗೆ ಸುದ್ದಿ ಮುಟ್ಟಿಸುವ ಕೆಲಸ ಎಳೆಯ ವೈದ್ಯ ವಿಲೆಂ ಕೋಲ್ಫ್ ಅವರ ಪಾಲಿಗೆ ಬಂತು. ದಿನಕ್ಕೆ 20 ಗ್ರಾಂ ಯೂರಿಯಾವನ್ನು ರಕ್ತದಿಂದ ತೆಗೆದಿದ್ದರೆ ಹುಡುಗ ಉಳಿಯುತ್ತಿದ್ದನಲ್ಲ ಎಂಬ ಯೋಚನೆ ಅವರನ್ನು ಬಿಡಲಿಲ್ಲ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು, ದೇಶ ಜರ್ಮನ್ನರ ಕೈಸೇರಿತು. ಕಾಂಪೆನ್ ಎಂಬ ಸಣ್ಣ ಊರಲ್ಲಿ ಕೋಲ್ಫ್, ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ, ಲವಣದ ನೀರಿನ ತೊಟ್ಟಿಯಲ್ಲಿ ತಿರುಗಿಸಿ, 1943ರಲ್ಲಿ ಕೃತಕ ಕಿಡ್ನಿ ಕಟ್ಟಿದರು. ರೋಗಿಗಳು ಒಬ್ಬರ ಹಿಂದೊಬ್ಬರು ಸತ್ತರು. ಕೋಲ್ಫ್ ಬಿಡಲಿಲ್ಲ. 1945ರ ಸೆಪ್ಟೆಂಬರಿನಲ್ಲಿ, ಎಚ್ಚರ ತಪ್ಪಿ ಮಲಗಿದ್ದ 67ರ ಮಹಿಳೆಯೊಬ್ಬರು ಆ ಯಂತ್ರದಿಂದ ಕಣ್ಣು ತೆರೆದು ಮಾತಾಡಿದರು.

ಆದರೂ ಪ್ರತಿ ಸಲ ಹೊಸ ರಕ್ತನಾಳ ಕೊಯ್ಯಬೇಕಿತ್ತು. ನಾಳ ಮುಗಿದರೆ ಆಯುಷ್ಯವೂ ಮುಗಿಯುತ್ತಿತ್ತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್, ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಅಳವಡಿಸಿದರು. ಅವರ ಮೊದಲ ರೋಗಿ 11 ವರ್ಷ ಬದುಕಿದ.

ಯಂತ್ರ ಗೆದ್ದಿತು, ಒಗಟು ಉಳಿಯಿತು. ಒಂದೇ ಬಗೆಯ ಡಯಾಲಿಸಿಸ್, ಅಂದರೆ ಯಂತ್ರದ ರಕ್ತಶುದ್ಧಿ, ಪಡೆದವರಲ್ಲಿ ಕೆಲವರು ವರ್ಷಗಟ್ಟಲೆ ನಡೆದಾಡಿದರು, ಕೆಲವರು ಬೇಗ ಹೋದರು. ಎಡ್ಮಂಡ್ ಲೌರಿ ಮತ್ತು ನ್ಯಾನ್ಸಿ ಲ್ಯೂ ಅಮೆರಿಕದ 12,000ಕ್ಕೂ ಹೆಚ್ಚು ರೋಗಿಗಳ ರಕ್ತ ಪರೀಕ್ಷೆಗಳನ್ನು ಜಾಲಾಡಿದರು. 1990ರಲ್ಲಿ ಉತ್ತರ ಹೊರಬಂತು: ರಕ್ತದ ಪ್ರೋಟೀನ್ ಆದ ಅಲ್ಬುಮಿನ್ ಇಳಿದವರಲ್ಲಿ ಸಾವು ಹೆಚ್ಚು. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಕಡಿಮೆ ಇದ್ದವರೂ ಬೇಗ ಸಾಯುತ್ತಿದ್ದರು. ಲೆಕ್ಕವೇ ತಲೆಕೆಳಗಾಗಿತ್ತು.

ಮುಂದಿನ ಸರದಿ ಯೂರಿಕ್ ಆಮ್ಲದ್ದು. 1776ರಲ್ಲಿ ಕಾರ್ಲ್ ಷೀಲೆ ಮೂತ್ರದ ಕಲ್ಲಿನಲ್ಲಿ ಕಂಡುಹಿಡಿದ ಇದಕ್ಕೆ ಒಳ್ಳೆಯ ಹೆಸರೇ ಇರಲಿಲ್ಲ. ಹೆಬ್ಬೆರಳು ಊದಿಸುವ ಗೌಟ್ ಅದರದ್ದೇ ಕೆಲಸ. ಸಾಮಾನ್ಯ ಜನರಲ್ಲಿ ಹೃದ್ರೋಗದ ಜೊತೆಗೂ ಅದರ ಹೆಸರು ಕೇಳಿಬರುತ್ತಿತ್ತು. ಡಯಾಲಿಸಿಸ್ ರೋಗಿಗಳಲ್ಲೂ ಅದು ಹೆಚ್ಚಿದರೆ ಅಪಾಯವೇ ಇರಬೇಕಿತ್ತು. 2011ರಲ್ಲಿ ಆರು ದೇಶಗಳ 4,637 ರೋಗಿಗಳ ಲೆಕ್ಕ ಪ್ರಕಟವಾದಾಗ ಅಂಕಿಗಳು ಎದುರು ದಾರಿ ಹಿಡಿದಿದ್ದವು: ಯೂರಿಕ್ ಆಮ್ಲ ಹೆಚ್ಚಿದ್ದವರಲ್ಲೇ ಸಾವು ಕಡಿಮೆ. ಇಸ್ರೇಲಿನಲ್ಲಿ ಇಲಿಯಾ ಬೆಬೆರಾಶ್ವಿಲಿ ತಂಡ ಒಂದೇ ಪರೀಕ್ಷೆಗೆ ತೃಪ್ತಿಪಡದೆ, ಅದೇ ರೋಗಿಗಳನ್ನು ಮತ್ತೆ ಮತ್ತೆ ಅಳೆಯಿತು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆಮ್ಲ ಮತ್ತು ಪೋಷಣೆ ಜೊತೆಜೊತೆಗೇ ಏರಿಳಿದಿದ್ದವು.

ಗಂಟು ಬಿಚ್ಚಿದ್ದು ಅಲ್ಲೇ. ಯೂರಿಕ್ ಆಮ್ಲ ಹುಟ್ಟುವುದು ಪ್ಯೂರಿನ್‌ನಿಂದ. ಪ್ಯೂರಿನ್ ಬರುವುದು ತಿಂದ ಆಹಾರದಿಂದ ಮತ್ತು ದೇಹದ ಜೀವಕೋಶಗಳಿಂದ. ಚೆನ್ನಾಗಿ ಉಂಡು, ಮಾಂಸಖಂಡ ಉಳಿಸಿಕೊಂಡವರಲ್ಲಿ ಅದು ಹೆಚ್ಚು. ಹಸಿವು ಸತ್ತು ಸೊರಗಿದವರಲ್ಲಿ ಕಡಿಮೆ. ಆಮ್ಲವೇ ಜೀವ ಉಳಿಸಿತು ಎಂದು ಇದರಿಂದ ಸಾಬೀತಾಗಲಿಲ್ಲ, ಗೌಟ್ ಮಾತ್ರೆ ಬಿಡಲು ಇದು ಕಾರಣವೂ ಆಗಲಿಲ್ಲ. ಬೀರೂರಿನಿಂದ ಡಯಾಲಿಸಿಸ್‌ಗೆ ಹೋಗಿ, ಸುಸ್ತಾಗಿ ಬಂದು ತಟ್ಟೆಯ ಮುದ್ದೆಯನ್ನು ಅರ್ಧಕ್ಕೇ ಬಿಡುವವನಿಗೂ ಅನ್ವಯಿಸುವ ಲೆಕ್ಕ ಇದು: ವರದಿಯಲ್ಲಿ ಯೂರಿಕ್ ಆಮ್ಲದ ಅಂಕಿ ತೀರ ಇಳಿದಿದ್ದರೆ ವೈದ್ಯರು ಮೊದಲು ವಿಚಾರಿಸಬೇಕಾದದ್ದು ಊಟವನ್ನು.