ಫ್ರೆಂಚ್ ಲೆಕ್ಕಪತ್ರ ಪರಿಭಾಷೆಯ ಇಂಗ್ಲಿಷ್ ಅನುವಾದ: ಕೆಲವು ವಿಚಾರಗಳು

ಅನುವಾದ ಮೀಮಾಂಸೆಯ ಚರ್ಚೆಗಳು ನಮ್ಮಲ್ಲಿ ಬಹುಮಟ್ಟಿಗೆ ಕಾವ್ಯ, ಕಾದಂಬರಿಗಳ ಸುತ್ತಲೇ ನಡೆದಿವೆ. ವಾಣಿಜ್ಯ ಪತ್ರಗಳ ಅನುವಾದವನ್ನು ಯಾಂತ್ರಿಕ ಕಾರ್ಯವೆಂದು ಬದಿಗಿರಿಸುವುದು ರೂಢಿ. ಆದರೆ ಫ್ರೆಂಚ್ ಕಂಪನಿಯೊಂದರ ವಾರ್ಷಿಕ ಲೆಕ್ಕಪತ್ರವನ್ನು ಇಂಗ್ಲಿಷಿನಲ್ಲಿ ಓದಿ ಸಾಲ ಮಂಜೂರು ಮಾಡುವ ಬ್ಯಾಂಕಿಗೆ ಪದದ ವ್ಯತ್ಯಾಸವು ಹಣದ ವ್ಯತ್ಯಾಸವೇ ಆಗಬಲ್ಲದು.

ಮೊದಲ ತೊಡಕು ರೂಪಸಾಮ್ಯದ್ದು. ಫ್ರೆಂಚಿನ 'ಬಲಾಂಸ್' ಇಂಗ್ಲಿಷಿನ ಬ್ಯಾಲೆನ್ಸ್ ಶೀಟ್ ಅಲ್ಲ, ಅದು ತಾಳೆಪಟ್ಟಿ. ಬ್ಯಾಲೆನ್ಸ್ ಶೀಟಿಗೆ ಅಲ್ಲಿನ ಹೆಸರು 'ಬಿಲಾಂ'. 'ಎಗ್ಜೆರ್ಸಿಸ್' ಎಂದರೆ ಲೆಕ್ಕದ ವರ್ಷ. 'ಅಮೊರ್ತಿಸ್ಮಾಂ' ಎಂಬ ಒಂದೇ ಪದವು ಯಂತ್ರದ ಸವಕಳಿಗೂ ಪೇಟೆಂಟಿನಂತಹ ಅಮೂರ್ತ ಆಸ್ತಿಯ ಮೌಲ್ಯಹಂಚಿಕೆಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ಡಿಪ್ರಿಸಿಯೇಷನ್, ಎರಡನೆಯದು ಅಮಾರ್ಟೈಸೇಷನ್. ಇದಕ್ಕಿಂತ ಸೂಕ್ಷ್ಮವಾದುದು 'ಪ್ರೊವಿಜ್ಯೋಂ' ಪದದ ಚರಿತ್ರೆ. ಆಸ್ತಿಯ ಮೌಲ್ಯಕುಸಿತಕ್ಕೂ ಮುಂದೆ ಬರಬಹುದಾದ ಹೊಣೆಗೂ ಫ್ರೆಂಚರು ಇದನ್ನೇ ಬಳಸುತ್ತಿದ್ದರು. 2005ರಿಂದ ಮೊದಲನೆಯ ಅರ್ಥಕ್ಕೆ 'ದೆಪ್ರೆಸ್ಯಾಸ್ಯೋಂ' ಎಂಬ ಪದ ನೆಲೆಗೊಂಡಿತು. ಅನುವಾದಕನ ಕಷ್ಟ ಇಲ್ಲಿ ಕಡಿಮೆಯಾಗುವ ಬದಲು ಹೆಚ್ಚಿತು: ಈ ಪದ ಕಿವಿಗೆ ಡಿಪ್ರಿಸಿಯೇಷನ್ ಎಂದೇ ಕೇಳಿಸಿದರೂ ಇದಕ್ಕೆ ಸಲ್ಲುವ ಇಂಗ್ಲಿಷ್ ಪದ ಇಂಪೇರ್ಮೆಂಟ್. ಆದುದರಿಂದ ಲೆಕ್ಕಪತ್ರದ ಇಸವಿಯನ್ನು ನೋಡದೆ ಅನುವಾದಕ್ಕೆ ಕೈಹಾಕುವುದು ಅಪಾಯಕರ.

ಇಂತಹ ತೊಡಕುಗಳನ್ನು ಒಳ್ಳೆಯ ನಿಘಂಟು ಬಿಡಿಸಬಲ್ಲದು. ವೃತ್ತಿಯ ಹೆಸರುಗಳನ್ನು ಬಿಡಿಸಲಾರದು. ಫ್ರಾನ್ಸಿನಲ್ಲಿ ಲೆಕ್ಕ ಸಿದ್ಧಪಡಿಸಿ ಸಲಹೆ ನೀಡುವವನು 'ಎಕ್ಸ್‌ಪೆರ್ ಕೋಂತಾಬ್ಲ್'. ಕಾನೂನಿನ ಪ್ರಕಾರ ಲೆಕ್ಕವನ್ನು ಪರಿಶೋಧಿಸುವವನು 'ಕೊಮಿಸೇರ್ ಓ ಕೋಂತ್'. ಒಬ್ಬನೇ ವ್ಯಕ್ತಿ ಎರಡೂ ಅರ್ಹತೆಗಳನ್ನು ಪಡೆದಿರಬಹುದಾದರೂ ವೃತ್ತಿಗಳು ಬೇರೆ, ಅವುಗಳ ಸಂಸ್ಥೆಗಳೂ ಬೇರೆ. ಇಂಗ್ಲೆಂಡಿನಲ್ಲಾಗಲಿ, 1949ರ ಕಾಯಿದೆಯಡಿ ಭಾರತದಲ್ಲಾಗಲಿ ಚಾರ್ಟರ್ಡ್ ಅಕೌಂಟೆಂಟ್ ಎಂಬ ಒಂದೇ ಹೆಸರಿನಡಿ ಎರಡೂ ಕೆಲಸಗಳು ಅಡಕವಾಗಿವೆ. 'ಕೊಮಿಸೇರ್' ಪದವನ್ನು ಕಮಿಷನರ್ ಎಂದು ತಂದರೆ ಓದುಗನಿಗೆ ಸರ್ಕಾರಿ ಅಧಿಕಾರಿಯ ಭ್ರಮೆ ಹುಟ್ಟುತ್ತದೆ. ಸ್ಟ್ಯಾಚುಟರಿ ಆಡಿಟರ್ ಎಂಬುದೇ ಸಾಧುವಾದ ಪ್ರಯೋಗ.

ಇನ್ನು 'ಇಮಾಜ್ ಫಿದೆಲ್' ಎಂಬ ನುಡಿಗಟ್ಟಿನ ವಿಚಾರ. ಅಕ್ಷರಶಃ ಇದರ ಅರ್ಥ 'ನಿಷ್ಠವಾದ ಚಿತ್ರ'. ಇದು ಫ್ರೆಂಚ್ ನೆಲದಲ್ಲಿ ಹುಟ್ಟಿದ ಕಲ್ಪನೆಯಲ್ಲ. ಬ್ರಿಟನ್ನಿನ 1929ರ ಕಂಪನಿ ಕಾಯಿದೆಯಲ್ಲಿದ್ದ 'ಟ್ರೂ ಅಂಡ್ ಕರೆಕ್ಟ್' ಎಂಬುದರ ಜಾಗಕ್ಕೆ 1947ರಲ್ಲಿ 'ಟ್ರೂ ಅಂಡ್ ಫೇರ್' ಬಂದಿತು. 1973ರಲ್ಲಿ ಬ್ರಿಟನ್ ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿದ ಮೇಲೆ ಅದು ಸಮುದಾಯದ 1978ರ ನಾಲ್ಕನೆಯ ನಿರ್ದೇಶನವನ್ನು ಹೊಕ್ಕು, 1983ರ ಏಪ್ರಿಲ್ 30ರ ಕಾನೂನಿನ ಮೂಲಕ ಫ್ರಾನ್ಸನ್ನು ತಲಪಿತು. ಎರಡು ವಿಶೇಷಣಗಳು ಒಂದಾದವು. ಆದರೆ ಹಳೆಯ ಫ್ರೆಂಚ್ ಕಾನೂನಿನ 'ರೆಗ್ಯುಲಿಯೆ' ಮತ್ತು 'ಸೇಂಸೆರ್' ಎಂಬೆರಡು ಪದಗಳು ಪಕ್ಕದಲ್ಲಿಯೇ ಉಳಿದುಕೊಂಡವು. ಮೊದಲನೆಯದು ನಿಯಮಕ್ಕೆ ಬದ್ಧವಾಗಿರುವುದನ್ನು, ಎರಡನೆಯದು ಆ ನಿಯಮವನ್ನು ಸದ್ಭಾವದಿಂದ ಅನ್ವಯಿಸಿರುವುದನ್ನು ಸೂಚಿಸುತ್ತದೆ. ಇಂಗ್ಲಿಷಿನ ಸಿನ್ಸಿಯರ್ ಮನುಷ್ಯನ ಗುಣವೇ ಹೊರತು ಲೆಕ್ಕದ ಗುಣವಲ್ಲ. ಹೀಗಾಗಿ ಇಂಗ್ಲಿಷಿಗೆ ಮರಳುವಾಗ ಸಾಮಾನ್ಯವಾಗಿ ಮೂರೂ ಸೇರಿ 'ಟ್ರೂ ಅಂಡ್ ಫೇರ್' ಆಗುತ್ತವೆ. ತವರಿಗೆ ಮರಳಿದ ಪದ ದಾರಿಯಲ್ಲಿ ಗಳಿಸಿದ್ದನ್ನು ಕಳೆದುಕೊಂಡೇ ಬರುತ್ತದೆ. ಓದುವಿಕೆ ಸುಗಮವಾಗುತ್ತದೆಂಬುದು ನಿಜ. ಆದರೆ ನಿಯಮಪಾಲನೆಯನ್ನು ಬೇರೆಯಾಗಿ ಹೇಳುವ ಫ್ರೆಂಚ್ ಕಾನೂನಿನ ದೃಷ್ಟಿ ಅಳಿಸಿಹೋಗುವುದು ಸಣ್ಣ ನಷ್ಟವಲ್ಲವೆಂದು ನನ್ನ ಅಭಿಪ್ರಾಯ.

ಕ್ರಿಯಾಪದದ ಗತಿಯೂ ಹೀಗೆಯೇ. ಫ್ರೆಂಚ್ ಪರಿಶೋಧಕ ತನ್ನ ವರದಿಯಲ್ಲಿ ಲೆಕ್ಕಗಳನ್ನು 'ಪ್ರಮಾಣೀಕರಿಸುತ್ತಾನೆ'. ಕಾನೂನು ಬಳಸುವ ಕ್ರಿಯಾಪದವೇ ಅದು. ಇಂಗ್ಲಿಷ್ ಪರಿಶೋಧಕನಾದರೋ 'ನಮ್ಮ ಅಭಿಪ್ರಾಯದಲ್ಲಿ' ಎಂದಷ್ಟೇ ನುಡಿಯುತ್ತಾನೆ. ಸರ್ಟಿಫೈ ಎಂದು ನೇರವಾಗಿ ತಂದರೆ ಪರಿಶೋಧಕನು ಕೊಡದ ಭರವಸೆಯನ್ನು ಅನುವಾದಕನು ಕೊಟ್ಟಂತಾಗುತ್ತದೆ. ಆದುದರಿಂದಲೇ ಪ್ರಕಟಿತ ಅನುವಾದಗಳಲ್ಲಿ ಆ ಕ್ರಿಯಾಪದ ಮಾಯವಾಗಿ 'ಅಭಿಪ್ರಾಯ' ಬಂದಿರುತ್ತದೆ. ಇದು ಇಂಗ್ಲಿಷ್ ಓದುಗರ ಅನುಕೂಲಕ್ಕಾಗಿ ಮಾಡಿದ ಮುಕ್ತ ಅನುವಾದ, ಇದನ್ನು ಫ್ರೆಂಚ್ ಕಾನೂನಿಗೆ ಅನುಗುಣವಾಗಿ ಅರ್ಥೈಸತಕ್ಕದ್ದು ಎಂಬ ಸೂಚನೆಯೂ ವರದಿಯ ತಲೆಯ ಮೇಲೆ ಅಚ್ಚಾಗಿರುತ್ತದೆ.